ತರ್ಕ ಮಾಡ್ಬೇಡ, ಲಾಜಿಕ್ ಹೇಳು

ನಮ್ಮ ಎರ್ಮಾಳ್ ಕಡೆ ‘ಲಾಜಿಕ್’ ಅಂದ್ರೆ ಹೊಗಳುವ ಮಾತು, ‘ತರ್ಕ’ ಅಂದ್ರೆ ಬೈಯುವ ಮಾತು. ಎರಡಕ್ಕೂ ಅರ್ಥ ಒಂದೇ ಅಂತ ಡಿಕ್ಷನರಿ ಹೇಳ್ತದೆ. ಮನೆಯಲ್ಲಿ ಹಾಗಲ್ಲ. ಮಗ ಆಕಾಶ ನೋಡಿ, “ಮೂಡಣ ಕಪ್ಪಾಗಿದೆ, ಇವತ್ತು ಹಪ್ಪಳ ಹೊರಗೆ ಹಾಕುದು ಬೇಡ” ಅಂದ್ರೆ, “ಹೌದು, ಅವ ಹೇಳುದ್ರಲ್ಲಿ ಲಾಜಿಕ್ ಉಂಟು” ಅಂತೇವೆ. ಅದೇ ಮನೆಯ ಮಗಳು, “ಅಣ್ಣ ಹತ್ತು ಗಂಟೆಗೆ ಬಂದ್ರೂ ಕೇಳುವವರಿಲ್ಲ, ನಾನು ಏಳಕ್ಕೇ ಯಾಕೆ ಬರ್ಬೇಕು?” ಅಂತ ಕೇಳಿದ್ರೆ, “ತರ್ಕ ಮಾಡ್ಬೇಡ, ಒಳಗೆ ಹೋಗು” ಅಂತೇವೆ. ತುಳುವಿನಲ್ಲಾದ್ರೆ ಇನ್ನೂ ಚಿಕ್ಕದು, “ತರ್ಕ ಮಲ್ಪಡ.” ಅಲ್ಲಿಗೆ ಮಾತು ಮುಗೀತು.

ಸರಿಯಾಗಿ ನೋಡಿದ್ರೆ ಇಬ್ಬರೂ ಮಾಡಿದ್ದು ಒಂದೇ ಕೆಲಸ. ಕಣ್ಣಿಗೆ ಕಂಡದ್ದನ್ನು ಹಿಡಿದು ಮುಂದಿನದ್ದನ್ನು ಹೇಳಿದ್ದು. ಒಬ್ಬನ ಮಾತಿಂದ ಹಪ್ಪಳ ಉಳೀತು, ಇನ್ನೊಬ್ಬಳ ಮಾತಿಂದ ದೊಡ್ಡವರಿಗೆ ಕಷ್ಟ ಆಯ್ತು, ಅಷ್ಟೇ ವ್ಯತ್ಯಾಸ. ಹಾಗಾದ್ರೆ ಒಳ್ಳೆ ವಿಚಾರಕ್ಕೆ ಇಂಗ್ಲಿಷಿನ ಶಬ್ದ ತಂದು, ನಮ್ಮದೇ ಹಳೇ ಶಬ್ದವನ್ನು ಬೈಗುಳಕ್ಕೆ ಇಟ್ಟುಕೊಂಡದ್ದು ಯಾಕೆ? ಈ ಪ್ರಶ್ನೆಗೆ ಒಂದು ಚರಿತ್ರೆ ಉಂಟು. ಅದ್ರಲ್ಲಿ ಸ್ವಲ್ಪ ಮಠದ್ದು, ಸ್ವಲ್ಪ ಅಡಿಗೆಮನೆಯದ್ದು, ಸ್ವಲ್ಪ ಗದ್ದೆಯದ್ದು.

ಮೊದಲು ಶಬ್ದಗಳ ಹುಟ್ಟು ನೋಡುವ. ಲಾಜಿಕ್ ಬಂದದ್ದು ಗ್ರೀಕಿನ ‘ಲೋಗೊಸ್’ ಶಬ್ದದಿಂದ. ಲೋಗೊಸ್ ಅಂದ್ರೆ ಮಾತು, ಕಾರಣ, ವಿಚಾರ, ಲೆಕ್ಕ ಎಲ್ಲವೂ ಹೌದು. ಅದರ ಮೂಲ ಧಾತುವಿಗೆ ಆರಿಸು, ಒಟ್ಟು ಮಾಡು ಅಂತ ಅರ್ಥ. ಅಲ್ಲಿಂದ ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ತಮಾಷೆ ಎಂತ ಅಂದ್ರೆ, ಈ ಶಾಸ್ತ್ರದ ಪಿತಾಮಹ ಅಂತ ಕರೆಸಿಕೊಳ್ಳುವ ಅರಿಸ್ಟಾಟಲ್ ತನ್ನ ವಿದ್ಯೆಗೆ ಲಾಜಿಕ್ ಅಂತ ಹೆಸರಿಡಲಿಲ್ಲ. ಅವನದ್ದು ‘ಅನಾಲಿಟಿಕ್ಸ್’, ಅಂದ್ರೆ ಗಂಟು ಬಿಡಿಸುವ ಕೆಲಸ. ಲಾಜಿಕ್ ಅನ್ನುವ ಹೆಸರು ಗಟ್ಟಿಯಾದದ್ದು ನಂತರದವರ ಬಾಯಲ್ಲಿ.

ಲೋಗೊಸಿಗೆ ‘ಲೆಕ್ಕ’ ಅನ್ನುವ ಅರ್ಥ ಉಂಟು ಅಂತ ಓದಿದಾಗ ನನಗೆ ಬಹಳ ಖುಷಿ ಆಯ್ತು. ನಮ್ಮಲ್ಲೂ ಹಾಗೇ ಅಲ್ವಾ? “ಇದು ಯಾವ ಲೆಕ್ಕದ ಮಾತು ಮಾರಾಯ್ರೆ?” ಅಂತ ಕೇಳುವಾಗ ಯಾರೂ ಕೂಡಿಸಿ ಕಳೆಯುದಿಲ್ಲ. ಆ ಮಾತಿಗೆ ಹಿಂದೆ ಮುಂದೆ ಸಂಬಂಧ ಇಲ್ಲ ಅಂತ ಹೇಳುದು. ‘ತಲೆಬುಡ ಇಲ್ಲದ ಮಾತು’ ಅನ್ನುದು ಕೂಡ ಅದನ್ನೇ. ಶಾಸ್ತ್ರ ಓದದವರ ಬಾಯಲ್ಲೂ ಶಾಸ್ತ್ರದ ಕೆಲಸ ನಡೀತಾ ಉಂಟು.

ತರ್ಕ ಸಂಸ್ಕೃತದ್ದು. ಊಹಿಸು, ವಿಚಾರ ಮಾಡು ಅನ್ನುವ ಧಾತುವಿಂದ ಬಂದದ್ದು. ಸಂಸ್ಕೃತದಲ್ಲಿ ‘ತರ್ಕು’ ಅಂತ ಇನ್ನೊಂದು ಶಬ್ದ ಉಂಟು, ಅದಕ್ಕೆ ನೂಲು ತೆಗೆಯುವ ಕದಿರು ಅಂತ ಅರ್ಥ. ಎರಡೂ ಒಂದೇ ಬಳಗದ್ದು, ತಿರುಚು ಅನ್ನುವ ಮೂಲದಿಂದ ಬಂದದ್ದು ಅಂತ ಹಲವು ಭಾಷಾ ವಿದ್ವಾಂಸರ ಅಭಿಪ್ರಾಯ. ಹತ್ತಿಯ ಎಳೆಯನ್ನು ತಿರುಗಿಸಿ ತಿರುಗಿಸಿ ಗಟ್ಟಿ ನೂಲು ಮಾಡಿದ ಹಾಗೆ, ಒಂದು ವಿಷಯವನ್ನು ಮನಸ್ಸಲ್ಲಿ ತಿರುಗಿಸಿ ಗಟ್ಟಿ ಮಾಡುದು. ಚಂದದ ಮಾತು. ಜಗಳದ ವಾಸನೆಯೇ ಇಲ್ಲ.

ಇನ್ನು ಮಠಕ್ಕೆ ಬರುವ. ನಮ್ಮ ಎರ್ಮಾಳ್ ಹೈವೇಯಿಂದ ಒಳಗೆ ಹೋದ್ರೆ ಅದಮಾರು, ಪಡುಬಿದ್ರಿಯಿಂದ ಒಳಗೆ ಹೋದ್ರೆ ಪಲಿಮಾರು. ಉಡುಪಿಯ ಅಷ್ಟಮಠಗಳಲ್ಲಿ ಎರಡಕ್ಕೆ ನಮ್ಮ ನೆರೆಯ ಊರುಗಳ ಹೆಸರು. ಈ ಮಠಗಳ ಪರಂಪರೆ ಶುರುವಾಗುದು 13ನೇ ಶತಮಾನದ ಮಧ್ವಾಚಾರ್ಯರಿಂದ. ಅವರು ಹುಟ್ಟಿದ್ದು ಉಡುಪಿ ಹತ್ರದ ಪಾಜಕದಲ್ಲಿ. ವಾದ ಹೇಗೆ ಮಾಡ್ಬೇಕು, ಯಾವುದು ನೇರವಾದ ವಾದ, ಯಾವುದು ಗೆಲ್ಲಲಿಕ್ಕೆ ಮಾತ್ರ ಮಾಡುದು ಅಂತ ವಿವರಿಸಲಿಕ್ಕೇ ಅವರು ‘ಕಥಾಲಕ್ಷಣ’ ಅಂತ ಒಂದು ಸಣ್ಣ ಗ್ರಂಥ ಬರೆದಿದ್ದಾರೆ. ಇಲ್ಲಿ ಕಥೆ ಅಂದ್ರೆ ಅಜ್ಜಿಕಥೆ ಅಲ್ಲ, ಶಾಸ್ತ್ರಾರ್ಥದ ಚರ್ಚೆ. ಅದೇ ಪರಂಪರೆಯಲ್ಲಿ ವಿಜಯನಗರ ಕಾಲದ ವ್ಯಾಸತೀರ್ಥರು ‘ತರ್ಕತಾಂಡವ’ ಬರೆದ್ರು. ನ್ಯಾಯಶಾಸ್ತ್ರದವರ ವಾದಗಳನ್ನು ಅವರದ್ದೇ ಹತಾರು ಹಿಡಿದು ಪರೀಕ್ಷೆ ಮಾಡಿದ ದೊಡ್ಡ ಗ್ರಂಥ ಅದು. ಸೋದೆ ಮಠದ ವಾದಿರಾಜರು ‘ಯುಕ್ತಿಮಲ್ಲಿಕಾ’ ಬರೆದ್ರು. ಇಷ್ಟೆಲ್ಲ ನಡೆದ ಸೀಮೆ ನಮ್ಮದು. ತರ್ಕ ಅಂದ್ರೆ ಇಲ್ಲಿ ದೇವರ ವಿಚಾರಕ್ಕೂ ಬೇಕಾದ ಸಾಮಾನು.

ಅಂಥ ಕಡೆ ಶಾಸ್ತ್ರದ ಶಬ್ದಗಳು ಮನೆಗಳಿಗೆ ಇಳಿಯದೆ ಇರ್ತವಾ? ಇಳಿದವು. ಆದ್ರೆ ಇಳಿಯುವಾಗ ಬಣ್ಣ ಬದಲಾಯ್ತು. ಒಂದೊಂದಾಗಿ ನೋಡಿ. ಮಧ್ವರ ಮತದಲ್ಲಿ ತಿಳಿಯುವ ದಾರಿ ಮೂರು, ಪ್ರತ್ಯಕ್ಷ, ಅನುಮಾನ, ಆಗಮ. ಅನುಮಾನ ಅಂದ್ರೆ ಒಂದು ಗುರುತನ್ನು ಹಿಡಿದು ಖಚಿತವಾಗಿ ತಿಳಿಯುದು. ನಮ್ಮ ಮನೆಗಳಲ್ಲಿ ಅನುಮಾನ ಅಂದ್ರೆ ಸಂಶಯ, ಪೂರ್ತಿ ಉಲ್ಟಾ. ಪ್ರಮಾಣ ಅಂದ್ರೆ ಸರಿಯಾದ ತಿಳುವಳಿಕೆಗೆ ಸಾಧನ. ನಮ್ಮಲ್ಲಿ ‘ಆಣೆ ಪ್ರಮಾಣ’. ಮಾತಲ್ಲಿ ತೀರದ ಜಗಳ ದೈವದ ಎದುರು, ಕಾಸರಗೋಡು ಕಡೆಯ ಕಾನತ್ತೂರಿಗೋ ಮತ್ತೆಲ್ಲಿಗೋ ಹೋಗಿ ಪ್ರಮಾಣದಲ್ಲಿ ತೀರ್ತದೆ. ಯುಕ್ತಿ ಅಂದ್ರೆ ಸಮಂಜಸವಾದ ಕಾರಣ. ನಮಗೆ ಅದು ಉಪಾಯ, ಕೆಲವೊಮ್ಮೆ ಕಿತಾಪತಿ. ಛಲ ಅಂದ್ರೆ ನ್ಯಾಯಶಾಸ್ತ್ರದಲ್ಲಿ ಎದುರಿನವನ ಮಾತಿಗೆ ಬೇರೆ ಅರ್ಥ ಹಚ್ಚಿ ಸಿಕ್ಕಿಸುವ ಮೋಸ. ‘ನವಕಂಬಲ’ ಅಂತ ಒಬ್ಬ ಹೊಸ ಕಂಬಳಿಯನ್ನು ಹೇಳಿದ್ರೆ, “ನಿನ್ನಲ್ಲಿ ಒಂಬತ್ತು ಕಂಬಳಿ ಎಲ್ಲುಂಟು?” ಅಂತ ಕೇಳುದು ಅದರ ಹಳೇ ಉದಾಹರಣೆ. ನಮ್ಮಲ್ಲಿ ಛಲ ಇದ್ದವನು ಗಟ್ಟಿಗ! ವಿತಂಡ ಮಾತ್ರ ಇದ್ದ ಹಾಗೇ ಉಳೀತು. ತನ್ನದು ಅಂತ ಎಂತದ್ದನ್ನೂ ಹೇಳದೆ ಎದುರಿನವನದ್ದನ್ನು ಕೆಡವುದು ವಿತಂಡ. ಅದಕ್ಕೆ ಈಗಲೂ ಅದೇ ಹೆಸರು. ಇನ್ನು ‘ನ್ಯಾಯ’ ಕೋರ್ಟಿಗೆ ಹೋಯ್ತು, ‘ತರ್ಕ’ ಜಗಲಿಯ ಜಗಳಕ್ಕೆ ಬಂತು.

ಇದು ನಮ್ಮ ಒಬ್ಬರ ಕಥೆ ಅಲ್ಲ. ಮಲಯಾಳದಲ್ಲೂ ‘ತರ್ಕಂ’ ಅಂದ್ರೆ ತಕರಾರು, ಗಡಿ ತಕರಾರಿಗೂ ಅದೇ ಶಬ್ದ. ಬಂಗಾಳಿಯಲ್ಲಿ ‘ತರ್ಕ’ ಅಂದ್ರೆ ವಾದ. ಆದ್ರೆ ಅಲ್ಲಿ ಅದಕ್ಕೆ ಸ್ವಲ್ಪ ಮರ್ಯಾದೆ ಉಳಿದಿದೆ. ಅಮರ್ತ್ಯ ಸೇನರ ಪ್ರಸಿದ್ಧ ಪುಸ್ತಕದ ಬಂಗಾಳಿ ಹೆಸರಲ್ಲಿ ‘ತರ್ಕಪ್ರಿಯ’ ಅನ್ನುದು ಅಭಿಮಾನದ ಶಬ್ದ. ನಮ್ಮಲ್ಲಿ ಯಾರನ್ನಾದ್ರೂ ತರ್ಕಪ್ರಿಯ ಅಂದ್ರೆ ಅವರ ಹತ್ರ ಮಾತಾಡ್ಲಿಕ್ಕೆ ಹೋಗ್ಬೇಡಿ ಅಂತ ಅರ್ಥ.

ನನಗೆ ಇದ್ರಲ್ಲಿ ಎಲ್ಲಕ್ಕಿಂತ ಇಷ್ಟ ಆದದ್ದು ಅಡಿಗೆಮನೆಯ ಭಾಗ. ತರ್ಕ ಕಲಿಯುವ ಮಕ್ಕಳಿಗೆ ಮೊದಲ ಪುಸ್ತಕ ಅನ್ನಂಭಟ್ಟರ ‘ತರ್ಕಸಂಗ್ರಹ’. ಅದ್ರಲ್ಲಿ ಬರುವ ಪಾಠ ಹೀಗೆ. ಗುಡ್ಡದಲ್ಲಿ ಬೆಂಕಿ ಉಂಟು. ಯಾಕೆ? ಹೊಗೆ ಕಾಣ್ತದಲ್ಲ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡಿಗೆಮನೆಯ ಹಾಗೆ. ಈ ಗುಡ್ಡದಲ್ಲೂ ಅಂಥದ್ದೇ ಹೊಗೆ ಉಂಟು. ಹಾಗಾಗಿ ಗುಡ್ಡದಲ್ಲಿ ಬೆಂಕಿ ಉಂಟು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಅಂತ ಐದು ಮೆಟ್ಟಿಲು. ನಡುವಿನ ಮೆಟ್ಟಿಲು, ಎಲ್ಲ ಭಾರ ಹೊರುವ ಮೆಟ್ಟಿಲು, ಅಡಿಗೆಮನೆ. ಅಷ್ಟು ದೊಡ್ಡ ಪಂಡಿತರಿಗೆ ಸಾಕ್ಷಿಗೆ ಬೇಕಾದದ್ದು ಹೆಂಗಸರು ದಿನಾ ಕಣ್ಣು ಉರಿಸಿಕೊಂಡು ಊದುವ ಒಲೆ!

ಪಾಠ ಅಲ್ಲಿಗೆ ನಿಲ್ಲುದಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಅಂತ ಹೇಳ್ಬಹುದಾ? ಆಗುದಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿಗೆ ಬೆಂಕಿ ಉಂಟು, ಹೊಗೆ ಇಲ್ಲ ಅಂತ ಶಾಸ್ತ್ರದ ಉದಾಹರಣೆ. ನಮಗೆ ಕಬ್ಬಿಣದ ಗುಂಡು ಬೇಡ, ಹಳೇ ಇಸ್ತ್ರಿ ಪೆಟ್ಟಿಗೆಗೆ ಹಾಕುವ ಗೆರಟೆಯ ಕೆಂಡ ನೆನಪು ಮಾಡಿದ್ರೆ ಸಾಕು. ಹಾಗಾದ್ರೆ ಹೊಗೆ ಬರುದು ಯಾವಾಗ? ಸೌದೆ ಹಸಿ ಇದ್ದಾಗ. ಈ ‘ಹಸಿ ಸೌದೆ’ಗೆ ಶಾಸ್ತ್ರದಲ್ಲಿ ಉಪಾಧಿ ಅಂತ ಹೆಸರು. ಆಟಿ ತಿಂಗಳ ಮಳೆಯಲ್ಲಿ ಹಸಿ ಮಡಲು, ನೆನೆದ ತೆಂಗಿನ ಸಿಪ್ಪೆ ಹಾಕಿ ಬಚ್ಚಲ ಒಲೆ ಹೊತ್ತಿಸಿದವರಿಗೆ ಉಪಾಧಿ ಎಂತದ್ದು ಅಂತ ಯಾರೂ ಕಲಿಸ್ಬೇಕಾಗಿಲ್ಲ.

ಈ ಹಸಿ ಸೌದೆಯ ಪಾಠ ಮನೆಗೆ ಬಹಳ ಉಪಯೋಗದ್ದು. “ಹುಡುಗಿಯರು ಜಾಸ್ತಿ ಕಲಿತ್ರೆ ಸಂಸಾರ ನಿಲ್ಲುದಿಲ್ಲ” ಅಂತ ಮದುವೆ ಮನೆಯಲ್ಲಿ ಯಾರಾದ್ರೂ ಒಬ್ಬರು ಹೇಳಿಯೇ ಹೇಳ್ತಾರೆ. ಎರಡು ಮೂರು ಉದಾಹರಣೆಯನ್ನೂ ಕೊಡ್ತಾರೆ. ಅಲ್ಲಿ ಕೇಳ್ಬೇಕಾದ ಪ್ರಶ್ನೆ ಒಂದೇ. ಹೊಗೆ ಬಂದದ್ದು ಬೆಂಕಿಯಿಂದವಾ, ಹಸಿ ಸೌದೆಯಿಂದವಾ? ಕಲಿಕೆಯಿಂದವಾ, ಕಲಿತವಳನ್ನು ಕಂಡ್ರೆ ಆಗದ ಮನೆಯಿಂದವಾ? ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಹಚ್ಚುದು ಸುಲಭ. ಶಾಸ್ತ್ರದವರು ಕಾಕತಾಳೀಯ ಅಂತ ಅದಕ್ಕೂ ಹೆಸರು ಇಟ್ಟಿದ್ದಾರೆ, ಕಾಗೆ ಬಂದದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ.

ಹಾಗಾದ್ರೆ ‘ತರ್ಕ’ ಅಂತಲೇ ನ್ಯಾಯಶಾಸ್ತ್ರ ಕರೆಯುದು ಯಾವುದನ್ನು? ನ್ಯಾಯಸೂತ್ರದಲ್ಲಿ ಹದಿನಾರು ಪದಾರ್ಥಗಳ ಪಟ್ಟಿ ಉಂಟು, ಅದ್ರಲ್ಲಿ ತರ್ಕ ಎಂಟನೆಯದ್ದು. ಅದರ ಕೆಲಸ ಹೀಗೆ. ಎದುರಿನವರ ಮಾತನ್ನು ಒಂದು ಗಳಿಗೆ ಒಪ್ಪಿಕೊಳ್ಳುದು. ನೀವು ಹೇಳಿದ್ದೇ ನಿಜ ಅಂತ ಆದ್ರೆ ಮುಂದೆ ಎಂತ ಆಗ್ಬೇಕಿತ್ತು ಅಂತ ತೋರಿಸುದು. ಹಾಗೆ ಆಗಿಲ್ಲವಲ್ಲ, ಹಾಗಾಗಿ ನಿಮ್ಮ ಮಾತು ನಿಲ್ಲುದಿಲ್ಲ ಅಂತ ಮುಗಿಸುದು. “ಗುಡ್ಡದಲ್ಲಿ ಬೆಂಕಿ ಇಲ್ಲ ಅಂತ ಆದ್ರೆ ಹೊಗೆಯೂ ಇರ್ಬಾರದಿತ್ತು” ಅನ್ನುವ ಹಾಗೆ. ಇದಕ್ಕೆ ದೊಡ್ಡ ದನಿ ಬೇಡ. ಎದುರಿನವರ ಮಾತನ್ನು ಸರಿಯಾಗಿ ಕೇಳುವ ಕಿವಿ ಬೇಕು, ಅಷ್ಟೇ. ಶಾಸ್ತ್ರಗ್ರಂಥಗಳಲ್ಲಿ ಮೊದಲು ಪೂರ್ವಪಕ್ಷ, ಅಂದ್ರೆ ಎದುರಿನವರ ವಾದವನ್ನು ಅವರೇ ಒಪ್ಪುವ ಹಾಗೆ ಹೇಳಿ, ಮತ್ತೆ ತಮ್ಮದನ್ನು ಹೇಳುದು ಇದೇ ಕಾರಣಕ್ಕೆ.

ಇಷ್ಟು ಮರ್ಯಾದೆಯ ಶಬ್ದ ಬೈಗುಳ ಆದದ್ದು ಹೇಗೆ? ನನ್ನ ಅಂದಾಜು ಹೀಗೆ. ಪಾಠಶಾಲೆಯ ಒಳಗೆ ಎಲ್ಲರಿಗೂ ಜಾಗ ಇರ್ಲಿಲ್ಲ. ಹೆಂಗಸರಿಗೆ ಇಲ್ಲ, ಒಕ್ಕಲು ಮಕ್ಕಳಿಗೆ ಇಲ್ಲ. ಒಳಗೆ ತರ್ಕ ಮಾಡಿದವನು ಪಂಡಿತ. ಅದೇ ಕೆಲಸವನ್ನು ಹೊರಗೆ ನಿಂತವರು ಮಾಡಿದ್ರೆ, ಸೊಸೆ ಅತ್ತೆಯ ಹತ್ರ, ಒಕ್ಕಲು ಧಣಿಯ ಹತ್ರ “ಯಾಕೆ?” ಅಂತ ಕೇಳಿದ್ರೆ, ಅದು ಎದುರುತ್ತರ. ಶಬ್ದ ಒಂದೇ, ಆದ್ರೆ ಆಡಿದ ಬಾಯಿ ಯಾವುದು ಅನ್ನುದ್ರ ಮೇಲೆ ಅದರ ಬೆಲೆ.

ಹೊರಗಿನವರಿಗೂ ತರ್ಕದ ರುಚಿ ಸಿಕ್ಕಿದ ಒಂದು ಜಾಗ ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಆಗಿಂದಾಗ ಮಾತು ಕಟ್ಟಿ ವಾದ ಮಾಡ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಲಿಕ್ಕೆ ಮೈಲಿಗಟ್ಟಲೆ ನಡೆದು ಹೋದವರು ನಮ್ಮ ಹಿರಿಯರಲ್ಲಿ ಇದ್ರು. ಬಾಣ ತಾಗಿ ಬಿದ್ದ ವಾಲಿ ರಾಮನನ್ನೇ ಪ್ರಶ್ನೆ ಮಾಡುದು, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ಕೇಳುದು. ದೇರಾಜೆ ಸೀತಾರಾಮಯ್ಯನವರು, ನಮ್ಮ ಮಲ್ಪೆಯ ಸಾಮಗರು, ಒಬ್ಬೊಬ್ಬರದ್ದು ಒಂದೊಂದು ದಾರಿ. ಶಾಲೆಯ ಮೆಟ್ಟಿಲು ಹತ್ತದವರೂ ರಾತ್ರಿ ಪೂರ್ತಿ ಕೂತು, ಯಾರ ಮಾತು ಎಲ್ಲಿ ಜಾರಿತು ಅಂತ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಲೆಕ್ಕ ಹಾಕ್ತಿದ್ರು. ದೇವರಿಗೇ ಪ್ರಶ್ನೆ ಹಾಕಿದ್ದನ್ನು ಭಕ್ತಿಯಿಂದ ಕೇಳುವ ಊರು ಇದು. ಮನೆಗೆ ಬಂದ ಮೇಲೆ ಮಾತ್ರ “ತರ್ಕ ಮಲ್ಪಡ.”

ಆ ಮಾತನ್ನು ಜೀವಮಾನ ಇಡೀ ಕೇಳಿದವರು ನಮ್ಮ ಅಜ್ಜಿ. ನಮ್ಮದು ಅಳಿಯಕಟ್ಟಿನ ಮನೆ. ಗದ್ದೆ ಧಣಿಗಳದ್ದು, ಗೇಣಿ ಅಜ್ಜಿಯ ಅಮ್ಮನ ಕಾಲದಿಂದ ಬಂದದ್ದು. ಏಣೆಲು ಬೆಳೆ ಕೊಯ್ದ ಮೇಲೆ ಅಕ್ಕಿ ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತು ಹಾಕ್ಬೇಕು. ರಶೀದಿ ಅಂತ ಒಂದು ಚೀಟಿಯೂ ಇಲ್ಲ. ಕೇಳಿದ್ರೆ ಅದೂ ತರ್ಕವೇ.

ಆಗ 1974 ಬಂತು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಆ ವರ್ಷ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರ್ಕಾರಕ್ಕೆ ಸೇರಿ, ಉಳುವವರು 7ನೇ ನಂಬ್ರದ ಫಾರಮಿನಲ್ಲಿ ಅರ್ಜಿ ಕೊಟ್ಟು ಹಕ್ಕು ಕೇಳ್ಬೇಕು. ನಮ್ಮಲ್ಲಿ ಎಲ್ಲರೂ ಅದಕ್ಕೆ ‘ಡಿಕ್ಲರೇಶನ್ ಕೊಡುದು’ ಅಂತ್ಲೇ ಹೇಳುದು. ವಿಚಾರಣೆ ತಾಲೂಕಿನ ಭೂ ನ್ಯಾಯ ಮಂಡಳಿಯಲ್ಲಿ. ಆಗ ಕಾಪು ತಾಲೂಕು ಇಲ್ಲ, ನಮಗೆ ಉಡುಪಿ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ. ಆ ಮಂಡಳಿಯ ಎದುರು ವಕೀಲರು ನಿಲ್ಲುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇತ್ತು. ಧಣಿಯ ಎದುರು ತಲೆ ಎತ್ತದವರು ಈಗ ಧಣಿಯ ಎದುರೇ ನಿಂತು ತಮ್ಮ ಮಾತನ್ನು ತಾವೇ ಹೇಳ್ಬೇಕು.

ಅಜ್ಜಿ ಡಿಕ್ಲರೇಶನ್ ಕೊಟ್ರು. ಧಣಿಗಳ ಕಡೆಯವರು ಹೇಳಿದ್ದು, “ಇವರು ಗೇಣಿಯವರಲ್ಲ, ನಮ್ಮ ಕೂಲಿ ಆಳುಗಳು. ಬೇಸಾಯ ನಮ್ಮದೇ.” ಅಜ್ಜಿಯ ಕೈಯಲ್ಲಿ ಕಾಗದ ಇಲ್ಲ. ಅವತ್ತು ಜೊತೆಗೆ ಹೋದ ನಮ್ಮ ಅಮ್ಮ ಹೇಳುವ ಪ್ರಕಾರ, ಅಜ್ಜಿ ಸ್ವಲ್ಪ ಹೊತ್ತು ನೆಲ ನೋಡಿದ್ರಂತೆ. ಮತ್ತೆ ತುಳುವಿನಲ್ಲೇ ಕೇಳಿದ್ರಂತೆ. “ಆಯ್ತು ಧಣಿಗಳೇ, ನಾನು ಕೂಲಿಯವಳೇ ಅಂತ ಇಟ್ಟುಕೊಳ್ಳುವ. ಕೂಲಿಯವಳಾದ್ರೆ ಅಕ್ಕಿ ನಿಮ್ಮ ಮನೆಯಿಂದ ನಮ್ಮ ಮನೆಗೆ ಬರ್ಬೇಕಿತ್ತು. ಪ್ರತಿ ವರ್ಷ ನಮ್ಮ ಮನೆಯಿಂದ ನಿಮ್ಮ ಮನೆಗೆ ಮುಡಿ ಯಾಕೆ ಬಂತು?” ಮುಡಿ ಹೊತ್ತ ನೆರೆಯವರು ಹೊರಗೇ ಇದ್ರು. ಅವರನ್ನು ಕರೆದು ಕೇಳಿದ್ರು. ಒಂದು ಎಕ್ರೆಗೆ ಸ್ವಲ್ಪ ಕಮ್ಮಿ ಗದ್ದೆ ನಮ್ಮ ಹೆಸರಿಗೆ ಆಯ್ತು.

ಅಜ್ಜಿಗೆ ನ್ಯಾಯಸೂತ್ರ ಗೊತ್ತಿರ್ಲಿಲ್ಲ, ಅಕ್ಷರವೂ ಬರ್ತಿರ್ಲಿಲ್ಲ. ಆದ್ರೆ ಅವರು ಮಾಡಿದ್ದು ಆ ಹದಿನಾರರ ಪಟ್ಟಿಯ ಎಂಟನೆಯದ್ದನ್ನೇ. ಎದುರಿನ ಮಾತನ್ನು ಒಪ್ಪಿ, ಅದು ಎಲ್ಲಿಗೆ ಹೋಗಿ ಮುಟ್ತದೆ ಅಂತ ತೋರಿಸಿದ್ದು. ಊರಲ್ಲಿ ಅವರಿಗೆ ಆಮೇಲೆ ‘ತರ್ಕದ ಹೆಂಗಸು’ ಅಂತ ಹೆಸರು ಬಿತ್ತು. ಹೇಳಿದವರು ಬೈಗುಳ ಅಂತಲೇ ಹೇಳಿದ್ದು. ಇನ್ನೊಂದು ಮಾತನ್ನೂ ಹೇಳ್ಬೇಕು. ಆ ಕಾಯ್ದೆಯಿಂದ ಗೇಣಿ ಅಕ್ಕಿಯನ್ನೇ ನಂಬಿ ಬದುಕಿದ ಸಣ್ಣ ಧಣಿಗಳ ಮನೆಗಳಿಗೂ ಕಷ್ಟ ಬಂತು, ಅದ್ರಲ್ಲೂ ಗಂಡಸರಿಲ್ಲದ ಮನೆಗಳಿಗೆ. ಅವರ ಪೂರ್ವಪಕ್ಷವನ್ನು ಹೇಳದೆ ನಮ್ಮದನ್ನು ಮಾತ್ರ ಹೇಳಿದ್ರೆ ಅದು ವಿತಂಡದ ಹತ್ರ ಹೋಗ್ತದೆ.

ಈಗ ನಮ್ಮ ರಾಜ್ಯದ ಪಿಯುಸಿ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಅಂತ ಒಂದು ಐಚ್ಛಿಕ ವಿಷಯ ಉಂಟು. ಕಂಪ್ಯೂಟರ್ ಕಲಿಯುವ ಮಕ್ಕಳು ದಿನಾ ಲಾಜಿಕ್ ಬರೀತಾರೆ. ಸಿನಿಮಾ ನೋಡಿ ಬಂದವರು “ಲಾಜಿಕ್ ಹುಡುಕ್ಬೇಡಿ” ಅಂತಾರೆ. ಲಾಜಿಕ್ ಎಲ್ಲ ಕಡೆ ಉಂಟು, ಚಂದವೇ. ಇಂಗ್ಲಿಷಿನ ಶಬ್ದ ಬಂದದ್ದಕ್ಕೆ ನನಗೆ ಬೇಜಾರಿಲ್ಲ, ಅನ್ನ ಬೇಯಿಸುವ ಕುಕ್ಕರೂ ಹೊರಗಿಂದಲೇ ಬಂದದ್ದು. ಬೇಜಾರು ಬೇರೆ. ಕಂಪ್ಯೂಟರಿಗೆ, ಸಿನಿಮಾಕ್ಕೆ ಲಾಜಿಕ್ ಬೇಕು ಅಂತ ಒಪ್ಪುವ ನಾವು ಊಟದ ಹೊತ್ತಿಗೆ ಮಕ್ಕಳು “ಯಾಕೆ?” ಅಂದ್ರೆ ಹಳೇ ಶಬ್ದವನ್ನು ಕೋಲಿನ ಹಾಗೆ ತೆಗೀತೇವೆ.

ಎಲ್ಲ ಪ್ರಶ್ನೆಗೂ ಮಣಿಯಬೇಕು ಅಂತ ನಾನು ಹೇಳುದಲ್ಲ. ಗೆಲ್ಲಲಿಕ್ಕೆ ಮಾತ್ರ ಮಾತಾಡುವವರು ಇರ್ತಾರೆ, ಅವರಿಗೆ ಜಲ್ಪ, ವಿತಂಡ, ಛಲ ಅಂತ ಬೇಕಾದಷ್ಟು ಹೆಸರು ಉಂಟು. ಬೈಯಲಿಕ್ಕೆ ಅವನ್ನು ಉಪಯೋಗ ಮಾಡುವ. ತರ್ಕವನ್ನು ಮಾತ್ರ ಅದರ ಜಾಗಕ್ಕೆ ಕೂರಿಸುವ. ನಮ್ಮ ಮನೆಯಲ್ಲಿ ಈಗ ಮಗಳು ಎದುರು ಮಾತಾಡಿದ್ರೆ “ಸರಿ, ತರ್ಕ ಮಾಡು” ಅಂತ ಹೇಳುದು ರೂಢಿ. ಅಂದ್ರೆ ನನ್ನ ಮಾತನ್ನು ಒಮ್ಮೆ ಒಪ್ಪಿಕೊಂಡು, ಅದು ಎಲ್ಲಿ ಮುರೀತದೆ ಅಂತ ತೋರಿಸ್ಬೇಕು. ಕೆಲವು ಸಲ ತೋರಿಸ್ತಾಳೆ, ಕೆಲವು ಸಲ ಸಿಟ್ಟಲ್ಲಿ ಎದ್ದು ಹೋಗ್ತಾಳೆ. ಅಣ್ಣ ಹತ್ತಕ್ಕೆ ಬರುವ ವಿಷಯದಲ್ಲಿ ತೋರಿಸಿದ್ಳು. ಈಗ ಇಬ್ಬರಿಗೂ ಎಂಟು ಗಂಟೆ. ಅಣ್ಣನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ, ಅವನ ತರ್ಕ ಇನ್ನೂ ಬಾಕಿ ಉಂಟು.